ಹಾಸು, ಹೊದಿಕೆ ಮತ್ತು ಜೋಲಿಯ ಚಳಿ

ಕನ್ನಡದಲ್ಲಿ ಸಮೃದ್ಧಿಯನ್ನು ಸೂಚಿಸಲು ‘ಹಾಸಿ ಹೊದೆಯುವಷ್ಟು’ ಎಂಬ ನುಡಿಗಟ್ಟು ಬಳಕೆಯಲ್ಲಿದೆ. ಕೆಲಸ ಹಾಸಿ ಹೊದೆಯುವಷ್ಟಿದೆ ಎಂದರೆ ಬೇಕಾದುದಕ್ಕಿಂತ ಹೆಚ್ಚಿದೆ ಎಂದರ್ಥ. ಮಲಗುವವರಿಗೆ ಕೆಳಗೆ ಹಾಸಲು ಒಂದು, ಮೇಲೆ ಹೊದೆಯಲು ಒಂದು ಬೇಕೆಂಬ ಅನುಭವ ಈ ನುಡಿಗಟ್ಟಿನ ಹಿಂದಿದೆ. ಮರಾಠಿಯಲ್ಲಿ ‘ಅಂಥರೂಣ–ಪಾಂಘರೂಣ’ ಎಂಬ ಜೋಡಿಪದ ಇದನ್ನೇ ಹೇಳುತ್ತದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಗೆ ಸಮನಾದ ಮರಾಠಿ ಗಾದೆಯೂ ಅಂಥರೂಣವನ್ನು ನೋಡಿ ಕಾಲು ಚಾಚಬೇಕೆನ್ನುತ್ತದೆ. ಬೇರೆ ಬೇರೆ ಭಾಷಾಕುಟುಂಬಗಳಿಗೆ ಸೇರಿದ ಎರಡು ನುಡಿಗಳಲ್ಲಿ ಒಂದೇ ಜೋಡಿ ನೆಲೆಗೊಂಡಿರುವುದಕ್ಕೆ ಕಾರಣವಿದೆ. ಚಳಿ ಮೇಲಿನಿಂದ ಮಾತ್ರವಲ್ಲ, ಕೆಳಗಿನಿಂದಲೂ ತಾಗುತ್ತದೆ.

ಬದಿಯಡ್ಕದ ಸುತ್ತಿನ ಊರುಗಳಲ್ಲಿ ಒಂದು ಓಲೆಚಾಪೆ, ಒಂದು ತೆಳುವಾದ ಹತ್ತಿಯ ಹೊದಿಕೆ ವರ್ಷದ ಹೆಚ್ಚಿನ ರಾತ್ರಿಗಳಿಗೆ ಸಾಕು. ಸುಳ್ಯ, ಸಂಪಾಜೆಗಳನ್ನು ದಾಟಿ ಘಟ್ಟವೇರಿದರೆ ಸ್ಥಿತಿ ಬೇರೆ. ಎತ್ತರ 1000 ಮೀಟರ್ ಏರಿದಂತೆ ವಾಯುವಿನ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕೊಡಗಿನ ತಡಿಯಂಡಮೋಳ್ ಶಿಖರದ ಎತ್ತರ 1748 ಮೀಟರ್. ಡಿಸೆಂಬರ್, ಜನವರಿಯ ನಿರಭ್ರ ರಾತ್ರಿಯಲ್ಲಿ ಗಾಳಿಯೂ ಸೇರಿದರೆ ಕರಾವಳಿಯ ಮೈಗೆ ಅದು ಹೊಸ ಅನುಭವ. ಚಾರಣಕ್ಕೆ ಹೊರಡುವ ಯುವಜನರು ಈಚೆಗೆ ಎರಡು ಮರಗಳ ನಡುವೆ ಕಟ್ಟುವ ಹ್ಯಾಮಕ್ ಒಯ್ಯುವುದುಂಟು. ಇದಕ್ಕೆ ‘ಜೋಲಿ’ ಎಂಬ ಪದ ಸಾಕಷ್ಟು ಹೊಂದುತ್ತದೆ. ಮಗುವನ್ನು ಮಲಗಿಸುವ ಬಟ್ಟೆಯ ತೊಟ್ಟಿಲೂ, ರಸ್ತೆಯಿಲ್ಲದ ಊರಿನಿಂದ ರೋಗಿಯನ್ನು ಹೊತ್ತು ತರುವ ಬಟ್ಟೆಯೂ ಕನ್ನಡದಲ್ಲಿ ಜೋಲಿಯೇ.

ಹ್ಯಾಮಕ್ ಎಂಬ ಪದದ ಮೂಲ ಕೆರಿಬಿಯನ್ ದ್ವೀಪಗಳ ತಾಯ್ನೊ ಭಾಷೆ. ಅದು ಸ್ಪ್ಯಾನಿಷಿನ ಮೂಲಕ ಇಂಗ್ಲಿಷಿಗೆ ಬಂದಿತು. ಅದು ಉಷ್ಣ ದೇಶದ ಹಾಸಿಗೆ. ನೆಲದ ತೇವ, ಹುಳುಹುಪ್ಪಟೆಗಳಿಂದ ಮೈಯನ್ನು ದೂರವಿಟ್ಟು ಸುತ್ತಲೂ ಗಾಳಿಯಾಡಗೊಡುವುದು ಅದರ ಗುಣ. ಸೆಕೆಯಲ್ಲಿ ಗುಣವಾದುದೇ ಚಳಿಯಲ್ಲಿ ದೋಷವಾಗುತ್ತದೆ. ಬೆನ್ನಿನ ಕೆಳಗೆ ಹರಿಯುವ ತಂಗಾಳಿ ದೇಹದ ಕಾವನ್ನು ಎಡೆಬಿಡದೆ ಒಯ್ಯುತ್ತದೆ. ಮೇಲೆ ಎಷ್ಟು ಹೊದೆದರೂ ಬೆನ್ನು ತಣ್ಣಗಾಗುವುದು ಇದರಿಂದಲೇ.

ಇಲ್ಲಿ ‘ಕಾಯು’ ಎಂಬ ಕ್ರಿಯಾಪದವನ್ನು ಗಮನಿಸಬಹುದು. ಬಿಸಿಯಾಗು ಎಂಬುದು ಅದರ ಒಂದು ಅರ್ಥ, ರಕ್ಷಿಸು ಎಂಬುದು ಇನ್ನೊಂದು. ಭಾಷಾಶಾಸ್ತ್ರ ಇವನ್ನು ಬೇರೆ ಬೇರೆ ಧಾತುಗಳೆಂದು ಗುರುತಿಸುತ್ತದೆ. ಕಂಬಳಿಯ ಮಟ್ಟಿಗೂ ಈ ಭೇದ ಸತ್ಯ. ಕಂಬಳಿ ಮೈಯನ್ನು ಕಾಯಿಸುವುದಿಲ್ಲ, ಮೈಯ ಕಾವನ್ನು ಕಾಯುತ್ತದೆ. ಎಳೆಗಳ ನಡುವೆ ಸಿಲುಕಿ ನಿಶ್ಚಲವಾದ ಗಾಳಿಯೇ ಆ ಕಾವಲುಗಾರ. ಜೋಲಿಯಲ್ಲಿ ಮಲಗಿದಾಗ ಬೆನ್ನಿನ ಕೆಳಗಿನ ಹೊದಿಕೆ ದೇಹದ ಭಾರಕ್ಕೆ ಅದುಮಿ ಚಪ್ಪಟೆಯಾಗುತ್ತದೆ, ಒಳಗಿನ ಗಾಳಿ ಹೊರಬೀಳುತ್ತದೆ, ಕಾವಲು ತಪ್ಪುತ್ತದೆ.

ದಖ್ಖನಿನ ಕುರಿಗಾಹಿಗಳ ಬದುಕು ಈ ತಿಳಿವಿನ ಹಳೆಯ ಪಾಠಶಾಲೆ. ಹೊಲಗಳಲ್ಲಿ ಕುರಿ ನಿಲ್ಲಿಸಿ ಬಯಲಿನಲ್ಲೇ ರಾತ್ರಿ ಕಳೆಯುವ ಕುರುಬರಿಗೆ ಹಾಸಲೂ ಹೊದೆಯಲೂ ಕಂಬಳಿಯೇ. ಮರಾಠಿಯಲ್ಲಿ ಅದು ‘ಘೋಂಗಡಿ’. ದಖ್ಖನಿ ಕುರಿಯ ಒರಟು ಉಣ್ಣೆಯನ್ನು ನೂತು, ಹುಣಸೆ ಬೀಜದ ಗಂಜಿ ಹಾಕಿ, ಕೈಮಗ್ಗದಲ್ಲಿ ನೇಯ್ದ ಬಟ್ಟೆ ಅದು. ಉಣ್ಣೆ ತೇವವನ್ನು ಹೀರಿಯೂ ಬಹುಪಾಲು ಬೆಚ್ಚಗೆ ಉಳಿಯುತ್ತದೆ. ಹತ್ತಿ ಒದ್ದೆಯಾದರೆ ಮೈಗೆ ಅಂಟಿ ಚಳಿಯನ್ನೇ ಹೆಚ್ಚಿಸುತ್ತದೆ.

ಜೋಲಿಯ ಸಮಸ್ಯೆಗೆ ಪರಿಹಾರಗಳು ಎರಡು. ಭಾರಕ್ಕೆ ಅದುಮದ ಫೋಮ್ ಚಾಪೆಯೊಂದನ್ನು ಜೋಲಿಯೊಳಗೆ ಹಾಸುವುದು ಒಂದು. ತುಂಬುಹೊದಿಕೆಯೊಂದನ್ನು ಜೋಲಿಯ ಹೊರಗೆ, ಅಡಿಯಲ್ಲಿ ತೂಗುಹಾಕುವುದು ಇನ್ನೊಂದು. ಅದು ಜೋಲಿಯನ್ನು ತಾಗಿರಬೇಕು, ಆದರೆ ಭಾರ ಹೊರಬಾರದು. ಹಾಸಿನ ಸ್ಥಾನದಲ್ಲಿದ್ದು ಹೊದಿಕೆಯ ಕೆಲಸ ಮಾಡುವ ಇದನ್ನು ‘ಅಡಿಹೊದಿಕೆ’ ಎನ್ನಬಹುದು. ದಪ್ಪ ಕಂಬಳಿಯ ಎರಡು ತುದಿಗಳನ್ನು ಜೋಲಿಯ ಹಗ್ಗಗಳಿಗೇ ಕಟ್ಟಿ, ನಡುವೆ ಸಂದು ಉಳಿಯದಂತೆ ಬಿಗಿಮಾಡಿದರೂ ತಕ್ಕಮಟ್ಟಿಗೆ ಫಲವಿದೆ. ಇಬ್ಬನಿ, ಗಾಳಿಗಳನ್ನು ತಡೆಯಲು ಮೇಲೊಂದು ಟಾರ್ಪಾಲು, ಮಲಗುವ ಮುನ್ನ ಒಣಬಟ್ಟೆ, ಹೊಟ್ಟೆಗೆ ಊಟ, ತಲೆಗೆ ಮುಂಡಾಸು ಇಷ್ಟೂ ಬೇಕು.

ಚಳಿಯನ್ನು ಕೇವಲ ಅಸೌಖ್ಯವೆಂದು ಬಗೆಯುವುದು ಅಪಾಯಕರ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಪ್ರಾಣಕ್ಕೇ ಸಂಚಕಾರ. ನೀರು ಹೆಪ್ಪುಗಟ್ಟುವ ಚಳಿ ಇಲ್ಲದಿದ್ದರೂ, ಒದ್ದೆಬಟ್ಟೆ ಮತ್ತು ಗಾಳಿ ಸೇರಿದರೆ ಈ ಸ್ಥಿತಿ ಬರಬಹುದು. ಮೊದಲು ನಡುಕ, ಬಳಿಕ ತೊದಲು ಮಾತು, ತಡವರಿಕೆ. ಇನ್ನೂ ಬೆಚ್ಚಗಾಗದವರ ನಡುಕ ತಾನಾಗಿ ನಿಂತರೆ ಅದು ಚೇತರಿಕೆಯಲ್ಲ, ದೇಹ ಸೋಲುತ್ತಿರುವ ಸೂಚನೆ. ಅಂಥವರ ಒದ್ದೆಬಟ್ಟೆ ಕಳಚಿ, ಒಣಹೊದಿಕೆ ಸುತ್ತಿ, ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ಚಳಿ ಕಾಯಿಸಲೆಂದು ಡೇರೆಯೊಳಗೆ ಅಥವಾ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವುದೂ ಮಾರಕ. ಕೆಂಡದಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರನ್ನು ಅದು ಎಚ್ಚರಿಸುವುದಿಲ್ಲ.

‘ಹಾಸಿ ಹೊದೆಯುವಷ್ಟು’ ಎನ್ನುವಾಗ ಕನ್ನಡ ಹಾಸುವುದನ್ನು ಮೊದಲು ಇಟ್ಟಿದೆ. ಬೆಟ್ಟಕ್ಕೆ ಹೊರಡುವವರ ಚೀಲದಲ್ಲಿಯೂ ಅದೇ ಕ್ರಮವಿದ್ದರೆ ಲೇಸು.

ಅಭ್ಯಾಸ: ಹಾಸು, ಹೊದಿಕೆ, ಚಳಿ, ಕಾವು ಇವುಗಳಿಗೆ ಮನೆಯ ಹಿರಿಯರು ಕನ್ನಡ, ತುಳು, ಹವ್ಯಕ, ಮಲಯಾಳ, ಕರಾಡ, ಮರಾಠಿ ಮಾತುಗಳಲ್ಲಿ ಬಳಸುವ ಪದಗಳನ್ನು ವಿದ್ಯಾರ್ಥಿಗಳು ಸಂಗ್ರಹಿಸಬೇಕು. ಪ್ರತಿ ಪದದ ಮುಂದೆ ಆ ವಸ್ತು ಈಗಲೂ ಮನೆಯಲ್ಲಿದೆಯೇ ಎಂಬುದನ್ನೂ ಗುರುತಿಸಬೇಕು.