ತಲೆಗೆ ಹತ್ತು ಸಾವಿರ

ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಅಂಗಡಿ ಇಡಬೇಕು ಅಂತಿದ್ದೀರಾ? ಸಂತೋಷ. ಆದರೆ ಬೆಳಗಿನ ಬೆಂಗಳೂರು ರೈಲಿನ ಸ್ನೇಹಿತರಿಂದ ತಲೆಗೆ ಹತ್ತು ಸಾವಿರ ಎತ್ತಿ, ಚೀಟಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಹೆಸರು ಗೀಚಿಕೊಂಡು, "ತಿಂಗಳಿಗೆ ನೂರಕ್ಕೆ ಮೂರು ಕೊಡ್ತೀನಿ" ಅನ್ನುವ ಮುಂಚೆ ಸ್ವಲ್ಪ ನಿಲ್ಲಿ. ಅದು ಪಾಲುದಾರಿಕೆ ಅಲ್ಲ, ಠೇವಣಿ. ಊರವರಿಂದ ಹೀಗೆ ಠೇವಣಿ ಎತ್ತುವುದನ್ನೇ ನಡೆಸಿಕೊಂಡು ಹೋದರೆ 2019ರ ಕೇಂದ್ರ ಕಾಯ್ದೆಯಡಿ ಎರಡರಿಂದ ಏಳು ವರ್ಷ ಜೈಲು. ಅದೇ ವರ್ಷ ಬೆಂಗಳೂರಿನಲ್ಲಿ ಜನರಿಂದ ದುಡ್ಡೆತ್ತಿದ್ದ ಐಎಂಎ ಕಂಪನಿ ಮುಳುಗಿತಲ್ಲ, ಅದಕ್ಕೂ ಥಳಥಳಿಸುವ ಒಡವೆ ಅಂಗಡಿ ಇತ್ತು!

ಪಾಲು ಅಂದಮೇಲೆ ಪಾಲೇ ಆಗಿರಲಿ. ನಾಲ್ಕೈದು ಜನ ಸಾಕು. ಪಾಲುದಾರಿಕೆ ಪತ್ರ ಬರೆಸಿ, ನೋಂದಾಯಿಸಿ. ನಷ್ಟವಾದರೆ ಯಾರ ತಲೆಗೆ ಎಷ್ಟು ಅನ್ನುವುದನ್ನು ಮೊದಲೇ ಬರೆಯಿರಿ. ಲಾಭದ ಲೆಕ್ಕ ಯಾರೂ ಮರೆಯುವುದಿಲ್ಲ. ಅಂಗಡಿಗೆ ಬೇರೆ ಖಾತೆ ಇರಲಿ. ಗಲ್ಲಾಪೆಟ್ಟಿಗೆಯಿಂದ ಮನೆಗೆ ಅಕ್ಕಿ ತರಬೇಡಿ.

2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿ, ಲೆಕ್ಕ ಚುಕ್ತಾ ಆಗಿ ಬಂದ ದುಡ್ಡನ್ನು ಇನ್ನೂ ಜೋಪಾನ ಮಾಡಿಕೊಂಡಿರುವ ತಾತಂದಿರು ನಮ್ಮಲ್ಲಿದ್ದಾರೆ. ಅವರಾಗಿಯೇ ಕೊಡುತ್ತೇನೆಂದರೂ ಆ ದುಡ್ಡು ಮುಟ್ಟಬೇಡಿ. ಮೊದಲು ಬ್ಯಾಂಕಿಗೆ ಹೋಗಿ ಮುದ್ರಾ ಸಾಲ ವಿಚಾರಿಸಿ.