ಊರಿಂದ ದೂರವಿರುವ ಮಗಳಿಗೆ

ಪ್ರೀತಿಯ ಮಗಳೇ,

ಓದು, ಕೆಲಸ ಎಂದು ಊರು ಬಿಟ್ಟು ಬೆಂಗಳೂರಿಗೋ ಪುಣೆಗೋ ಅದಕ್ಕಿಂತ ದೂರಕ್ಕೋ ಹೋದ ನಿನ್ನಂಥ ಎಷ್ಟೋ ಮಕ್ಕಳು ಹಿರಿಯರ ಮುಂದೆ ಬಾಯಿಬಿಟ್ಟು ಹೇಳದ ಮಾತೊಂದಿದೆ. ಸಂಬಳ ಬರುತ್ತದೆ, ಇರಲು ರೂಮಿದೆ, ಫೋನಿನ ತುಂಬ ನಂಬರುಗಳಿವೆ. ಆದರೆ ‘ಇಲ್ಲಿ ನಾನು ಯಾರವಳು?’ ಎಂಬ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ. ಹೇಳಿಕೊಂಡರೆ ‘ದೇವರು ಜೊತೆಗಿದ್ದಾನೆ, ಪ್ರಾರ್ಥನೆ ಮಾಡು’ ಎಂದು ಬೆನ್ನು ತಟ್ಟಿ ಕಳುಹಿಸುವವರೇ ಹೆಚ್ಚು. ಆ ಮಾತು ನಿಜ. ಆದರೆ ಹೇಗೆ ನಿಜ, ಯಾರ ಬದುಕಿನಲ್ಲಿ ಎಷ್ಟು ಕಾಲಕ್ಕೆ ನಿಜವಾಯಿತು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ನಿನಗೆ ಉಪದೇಶ ಬರೆಯುವ ಬದಲು ಒಬ್ಬ ಹೆಣ್ಣುಮಗಳ ಬದುಕನ್ನು ಬರೆಯಬೇಕೆನ್ನಿಸಿತು. ಅವರು ನಮ್ಮ ಘಟ್ಟದ ಕಾಡಿನಲ್ಲೇ ಹುಟ್ಟಿದವರು: ಪಂಡಿತಾ ರಮಾಬಾಯಿ.

ಕಾರ್ಕಳದ ಹತ್ತಿರ ಘಟ್ಟದ ಬುಡದಲ್ಲಿ ಮಾಳ ಎಂಬ ಊರಿದೆ. ಅನಂತಶಾಸ್ತ್ರಿ ಡೋಂಗ್ರೆ ಅಲ್ಲಿಯವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದೇ ಅವರು ಮಾಡಿದ ಅಪರಾಧವಾಯಿತು. ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು, ಶಾಸ್ತ್ರಾಧಾರ ಕೊಟ್ಟು ಅದನ್ನು ಸಮರ್ಥಿಸಿಕೊಳ್ಳಬೇಕಾಯಿತು. ಊರಿನ ಮಾತು ಬೇಡವೆಂದು ಅವರು ಕುದುರೆಮುಖದ ಸೀಮೆಯ ಗಂಗಾಮೂಲಕ್ಕೆ, ತುಂಗೆ ಭದ್ರೆ ನೇತ್ರಾವತಿಯರು ಹುಟ್ಟುವ ಕಾಡಿಗೆ ಹೋಗಿ ಆಶ್ರಮ ಕಟ್ಟಿಕೊಂಡರು. 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು ಅಲ್ಲಿಯೇ. ಕೂಸಿಗೆ ಆರು ತಿಂಗಳಾಗುವಷ್ಟರಲ್ಲಿ ಆ ಆಶ್ರಮವೂ ಕೈಬಿಟ್ಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟುಕೊಂಡು ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಊರೂರು ತಿರುಗುತ್ತ ಪುರಾಣ ಓದಿ ಹೇಳುವುದೇ ಜೀವನ. ಆ ಹುಡುಗಿಗೆ ‘ನಮ್ಮೂರು’ ಎನ್ನುವುದೇ ಇರಲಿಲ್ಲ.

1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಬರ ಬಂತು. ಕೈಯಲ್ಲಿದ್ದದ್ದೆಲ್ಲ ಕರಗಿ, ಕಾಡಿನ ಸೊಪ್ಪು ತಿನ್ನುವ ಸ್ಥಿತಿ. ಕಣ್ಣು ಕಾಣದಷ್ಟು ಸೋತಿದ್ದ ತಂದೆ ಕಿರಿಯ ಮಗಳನ್ನು ತಬ್ಬಿಕೊಂಡು ಕೊನೆಯ ಮಾತು ಹೇಳಿದರು. ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ನೀನು ಆತನವಳು, ಬದುಕಿರುವಷ್ಟು ಕಾಲ ಆತನ ಸೇವೆ ಮಾಡು ಎಂಬುದು ಅದರ ಸಾರ. ತಂದೆಯ ಹಿಂದೆಯೇ ತಾಯಿ, ತಾಯಿಯ ಹಿಂದೆಯೇ ಅಕ್ಕ ತೀರಿಕೊಂಡರು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಉತ್ತರಕ್ಕೆ ಹೋದರು. ಹೊದೆಯಲು ಬಟ್ಟೆಯಿಲ್ಲದೆ ಝೀಲಂ ನದಿಯ ದಂಡೆಯಲ್ಲಿ ಗುಂಡಿ ತೋಡಿ, ತಲೆಯೊಂದನ್ನು ಹೊರಗಿಟ್ಟು, ಮೈಮೇಲೆ ಮರಳು ಎಳೆದುಕೊಂಡು ಚಳಿ ಕಳೆದರು.

ಆ ಗುಂಡಿಯಲ್ಲಿ ಮಲಗಿದ್ದ ಹುಡುಗಿಗೆ ದೇವರ ಸಾನ್ನಿಧ್ಯದ ಅನುಭವವೇನೂ ಆಗಲಿಲ್ಲ. ಇದನ್ನು ನೀನು ತಿಳಿದಿರಬೇಕು. ಇಷ್ಟು ವ್ರತ, ಇಷ್ಟು ದಾನ, ಇಷ್ಟು ಯಾತ್ರೆ ಮಾಡಿಯೂ ಯಾರೂ ಓಗೊಡಲಿಲ್ಲವಲ್ಲ ಎಂದು ಅಣ್ಣತಂಗಿಯರ ನಂಬಿಕೆ ಆ ದಿನಗಳಲ್ಲೇ ಕುಸಿಯಿತು. ರಮಾಬಾಯಿ ಮುಂದೆ ಅದನ್ನು ಮುಚ್ಚಿಡದೆ ಬರೆದರು. ನಿನಗೂ ಪ್ರಾರ್ಥನೆಯಲ್ಲಿ ಏನೂ ಅನ್ನಿಸದ ರಾತ್ರಿಗಳಿದ್ದರೆ, ಅದರಿಂದ ನೀನು ದೇವರಿಗೆ ದೂರವಾದೆ ಎಂದು ತೀರ್ಮಾನಿಸಬೇಡ. ಬೈಬಲಿನ ಕೀರ್ತನೆಗಳಲ್ಲಿ 88ನೆಯದನ್ನು ತೆಗೆದು ನೋಡು. ಉಳಿದ ಅಳಲಿನ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತುತಿಗೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಗೆಳೆಯರು ದೂರವಾದರು ಎಂದು ದೂರಿ ಕತ್ತಲಲ್ಲೇ ಮುಗಿಯುತ್ತದೆ. ಅಂಥದ್ದೂ ಪ್ರಾರ್ಥನೆಯೇ ಎಂದು ಹಿಂದಿನವರು ಅದನ್ನು ಗ್ರಂಥದಲ್ಲಿ ಉಳಿಸಿಕೊಂಡರು.

1878ರಲ್ಲಿ ಇಬ್ಬರೂ ಕಲಕತ್ತೆ ಮುಟ್ಟಿದರು. ಇಪ್ಪತ್ತರ ಹುಡುಗಿಯ ಸಂಸ್ಕೃತ ಕೇಳಿ ಅಲ್ಲಿನ ವಿದ್ವಾಂಸರು ಬೆರಗಾದರು. ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳು ಬಂದವು. ಎರಡೇ ವರ್ಷಕ್ಕೆ ಅಣ್ಣ ಹೋದ. ಅದೇ 1880ರಲ್ಲಿ ರಮಾಬಾಯಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ. ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಇಪ್ಪತ್ತನಾಲ್ಕು ತುಂಬುವ ಮೊದಲೇ ಅವರು ವಿಧವೆ, ಕಂಕುಳಲ್ಲಿ ವರ್ಷ ತುಂಬದ ಕೂಸು.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಶಿಕ್ಷಣದ ಸ್ಥಿತಿ ವಿಚಾರಿಸುತ್ತಿದ್ದ ಹಂಟರ್ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ವೈದ್ಯೆಯರು, ಶಿಕ್ಷಕಿಯರು ಬೇಕೆಂದು ವಾದಿಸಿದರು. 1883ರಲ್ಲಿ ವೈದ್ಯಕೀಯ ಓದಬೇಕೆಂದು ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗಿದ್ದರಿಂದ ಆ ಬಾಗಿಲೂ ಮುಚ್ಚಿತು. ಜೊತೆಗೆ ಹೋಗಿದ್ದ ಗೆಳತಿ ಆನಂದಿಬಾಯಿ ಭಗತ್ ಆ ಪರದೇಶದಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು.

ಮಗಳೇ, ಈ ಸಾವನ್ನು ಹಾರಿಸಿ ಕಥೆ ಹೇಳುವವರಿದ್ದಾರೆ, ಅದು ಸರಿಯಲ್ಲ. ಇಬ್ಬರೂ ಒಂದೇ ಹಡಗಿನಲ್ಲಿ ಹೋದವರು, ಒಂದೇ ಪರದೇಶದಲ್ಲಿ ಇದ್ದವರು. ಒಬ್ಬರು ಉಳಿದರು, ಇನ್ನೊಬ್ಬರು ಉಳಿಯಲಿಲ್ಲ. ಉಳಿದವರ ಮೇಲೆ ಮಾತ್ರ ದೇವರ ಕೃಪೆ ಇತ್ತು, ಹೋದವರಿಗೆ ನಂಬಿಕೆ ಸಾಲದಾಗಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡ. ಒಂಟಿತನ ಒಂದು ಹಂತ ದಾಟಿದರೆ ಕಾಯಿಲೆ. ಕಾಯಿಲೆಗೆ ಚಿಕಿತ್ಸೆ ಬೇಕು, ಆಡಿಕೊಳ್ಳುವ ಬಾಯಿಗಳಲ್ಲ. ನಮ್ಮ ದೇಶದಲ್ಲಿ 2022ರ ಅಕ್ಟೋಬರಿನಿಂದ ‘ಟೆಲಿ ಮಾನಸ್’ ಎಂಬ ಸರ್ಕಾರಿ ಸಹಾಯವಾಣಿ ಇದೆ. ನಂಬರ್ 14416. ಹಗಲಿರಲಿ ರಾತ್ರಿಯಿರಲಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಬೆನ್ನೆಲುಬಾಗಿದೆ. ಆ ನಂಬರನ್ನು ಈಗಲೇ ಫೋನಿನಲ್ಲಿ ಸೇರಿಸಿಕೋ. ಆ ಕರೆಯನ್ನು ಎತ್ತಿಕೊಳ್ಳುವ ಅಪರಿಚಿತ ದನಿಯೂ ದೇವರು ಕಳುಹಿಸಿದ ದನಿಯಾಗಿರಬಹುದು.

ರಮಾಬಾಯಿಯವರಿಗೆ ತಿರುವು ಸಿಕ್ಕಿದ್ದು ಲಂಡನ್ನಿನ ಫುಲ್ಹ್ಯಾಮ್‌ನಲ್ಲಿ. ಅವರಿಗೆ ಆಶ್ರಯ ಕೊಟ್ಟಿದ್ದ ವಾಂಟೇಜಿನ ಕ್ರೈಸ್ತ ಸಹೋದರಿಯರು ಅಲ್ಲಿ, ಸಮಾಜ ‘ಕೆಟ್ಟವರು’ ಎಂದು ಹೊರಗಿಟ್ಟ ಹೆಂಗಸರಿಗಾಗಿ ಒಂದು ಮನೆ ನಡೆಸುತ್ತಿದ್ದರು. ಅಂಥವರನ್ನು ಹತ್ತಿರ ಕೂರಿಸಿಕೊಂಡು ಆರೈಕೆ ಮಾಡುವುದನ್ನು ರಮಾಬಾಯಿ ಅದುವರೆಗೆ ಎಲ್ಲೂ ಕಂಡಿರಲಿಲ್ಲ. ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳಿದಾಗ ಒಬ್ಬ ಸಹೋದರಿ ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯ ಓದಿ ಹೇಳಿದರು.

ಸಮಾರ್ಯದ ಹೆಂಗಸಿನ ಕಥೆ ಅದು. ಮಟಮಟ ಮಧ್ಯಾಹ್ನ ಒಬ್ಬಳೇ ಬಾವಿಗೆ ಬರುತ್ತಾಳೆ. ಐದು ಗಂಡಂದಿರನ್ನು ಕಂಡವಳು, ಈಗ ಜೊತೆಗಿರುವವನೂ ಗಂಡನಲ್ಲ. ದಣಿದು ಬಾವಿಕಟ್ಟೆಯ ಮೇಲೆ ಕೂತ ಯೇಸು ಮೊದಲು ಕೇಳಿದ್ದು ಕುಡಿಯಲು ನೀರು. ಯೆಹೂದ್ಯರು ಸಮಾರ್ಯದವರೊಂದಿಗೆ ಬಳಕೆಯನ್ನೇ ಇಟ್ಟುಕೊಳ್ಳದ ಕಾಲ. ಅವಳ ಕೈಯಿಂದ ನೀರು ಬೇಡಿದಾಗಲೇ ಅವಳನ್ನು ಮನುಷ್ಯಳೆಂದು ಎಣಿಸಿದಂತಾಯಿತು, ಬೋಧನೆ ಬಂದದ್ದು ಆಮೇಲೆ. ಅವಳು ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಹೋಗಿ ಜನರನ್ನು ಕರೆತಂದಳು. ಸಂಸ್ಕೃತ ಬಲ್ಲ, ಪುರಾಣಗಳನ್ನು ಬಾಯಿಪಾಠ ಮಾಡಿದ್ದ ಪಂಡಿತೆಯನ್ನು ಗೆದ್ದದ್ದು ಈ ಬಾವಿಕಟ್ಟೆಯ ಮಾತುಕತೆ. 1883ರ ಸೆಪ್ಟೆಂಬರಿನಲ್ಲಿ ಅವರು ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು.

ಇಲ್ಲಿಗೆ ಒಂಟಿತನ ಮುಗಿಯಿತು ಎಂದುಕೊಂಡೆಯಾ? ಇಲ್ಲ. ಪುಣೆಯಲ್ಲಿ ಅವರನ್ನು ಹೊಗಳಿದ್ದವರೇ ‘ಧರ್ಮ ಬಿಟ್ಟಳು’ ಎಂದು ಮುಖ ತಿರುಗಿಸಿದರು. ಇತ್ತ ಇಂಗ್ಲೆಂಡಿನ ಧರ್ಮಗುರುಗಳು ಹೇಳಿದಂತೆ ಕೇಳಬೇಕೆಂದು ಒತ್ತಿದರು. ಹೇಳಿದ್ದೆಲ್ಲಕ್ಕೂ ತಲೆಯಾಡಿಸುವ ಜಾಯಮಾನ ರಮಾಬಾಯಿಯವರದಲ್ಲ. ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಲೇ ತಮ್ಮ ಗುರುವಾಗಿದ್ದ ಸಿಸ್ಟರ್ ಜೆರಾಲ್ಡಿನ್ ಅವರೊಂದಿಗೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಮಾಂಸ ಮುಟ್ಟಲಿಲ್ಲ. ತಮ್ಮ ದೇಶದ ನಡೆನುಡಿ ಬಿಡಲಿಲ್ಲ. ಅತ್ತ ತವರಿನವರಿಗೂ ಪೂರ್ತಿ ಬೇಡ, ಇತ್ತ ಹೊಸಬರಿಗೂ ಪೂರ್ತಿ ಬೇಡ. ಕ್ರೈಸ್ತ ಧರ್ಮ ಸಿಕ್ಕರೂ ಕ್ರಿಸ್ತನು ಇನ್ನೂ ಸಿಕ್ಕಿರಲಿಲ್ಲ, ಅದಕ್ಕೆ ಮತ್ತೂ ಎಂಟು ವರ್ಷ ಹಿಡಿಯಿತು ಎಂಬರ್ಥದಲ್ಲಿ ಅವರೇ ಬರೆದಿದ್ದಾರೆ. ಸಭೆಯ ಸದಸ್ಯತ್ವ ಸಿಕ್ಕ ದಿನವೇ ಮನಸ್ಸಿಗೆ ಮನೆ ಸಿಗುತ್ತದೆಂದು ನಿನಗೆ ಯಾರೂ ಭರವಸೆ ಕೊಡಲಾರರು. ಸಿಗದಿದ್ದರೆ ತಪ್ಪು ನಿನ್ನದೂ ಅಲ್ಲ.

1889ರ ಮಾರ್ಚಿನಲ್ಲಿ ಅವರು ಮುಂಬಯಿಯಲ್ಲಿ ಶಾರದಾ ಸದನ ತೆರೆದರು, ವಿಧವೆಯರಿಗಾಗಿ. ಅಲ್ಲಿಗೆ ಬಂದ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ. ಮುಂದೆ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಕರ್ವೆಯಾದವರು ಇವರೇ. 1890ರಲ್ಲಿ ಸದನ ಪುಣೆಗೆ ಬಂತು. ಆಮೇಲೆ ಪುಣೆಯಾಚೆಯ ಕೇಡಗಾಂವದಲ್ಲಿ ಜಮೀನು ಕೊಂಡು ಮುಕ್ತಿ ಸದನ ಕಟ್ಟಿದರು. 1896ರ ಬರದಲ್ಲಿ ಮಧ್ಯಪ್ರಾಂತ್ಯಕ್ಕೆ ತಾವೇ ಹೋಗಿ, ಅನಾಥರಾಗಿ ಬೀದಿಗೆ ಬಿದ್ದ ನೂರಾರು ಹುಡುಗಿಯರನ್ನು ಕರೆತಂದರು. ಬರದಲ್ಲಿ ಸೊಪ್ಪು ತಿಂದು ಬದುಕಿದವರಿಗೆ ಆ ಮಕ್ಕಳ ಮುಖ ನೋಡಿ ಸುಮ್ಮನಿರಲು ಆಗಲಿಲ್ಲ. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಮಂದಿ ಇದ್ದರು. ನೇಯ್ಗೆ, ಹೈನು, ಎಣ್ಣೆ ಗಾಣ, ಅಚ್ಚುಕೂಟ, ಎಲ್ಲವನ್ನೂ ನಡೆಸುತ್ತಿದ್ದವರು ಹೆಂಗಸರೇ. ಕಣ್ಣಿಲ್ಲದವರಿಗೆ, ಮುದುಕಿಯರಿಗೆ ಬೇರೆ ಬೇರೆ ಮನೆಗಳಿದ್ದವು. ಸಮಾಜ ಕಳಂಕ ಹಚ್ಚಿ ದೂಡಿದ ಹೆಂಗಸರಿಗೂ ಒಂದು ಮನೆ ಕಟ್ಟಿದರು, ಅದಕ್ಕೆ ಇಟ್ಟ ಹೆಸರು ಕೃಪಾ ಸದನ. ಮಗಳು ಮನೋರಮಾ ತಾಯಿಯ ಬಲಗೈಯಾಗಿ ನಿಂತರು. 1912ರಲ್ಲಿ ಆಗಿನ ಹೈದರಾಬಾದ್ ಸಂಸ್ಥಾನದ ಕಲಬುರಗಿಯಲ್ಲೂ ತಾಯಿ ಒಂದು ಶಾಲೆ ತೆರೆದರು, ಅದರ ಹೊಣೆ ಹೊತ್ತವರೂ ಮಗಳೇ.

ಇದೆಲ್ಲದರ ನಡುವೆ, 1907ರಲ್ಲಿ, ರಮಾಬಾಯಿ ತಮ್ಮ ಆತ್ಮಸಾಕ್ಷ್ಯವನ್ನು ಬರೆದರು. ಬರದಲ್ಲಿ ಸಾಯುತ್ತಿದ್ದ ತಂದೆ ಹೇಳಿದ ಮಾತನ್ನು ಅದರಲ್ಲಿ ದಾಖಲಿಸಿದ್ದಾರೆ. ನೀನು ದೇವರವಳು ಎಂಬ ಆ ಮಾತನ್ನು ಆಡಿದ್ದು ಒಬ್ಬ ಬ್ರಾಹ್ಮಣ ಪುರಾಣಿಕ, ಮೂರು ದಶಕ ಅದನ್ನು ಎದೆಯಲ್ಲಿಟ್ಟುಕೊಂಡು ಬರೆದದ್ದು ಕ್ರೈಸ್ತಳಾದ ಮಗಳು. ತಂದೆ ಒಪ್ಪಿಸಿದ್ದು ಯಾವ ದೇವರ ಕೈಗೆ ಎಂದು ಅವರಿಗೆ ತಿಳಿದಿರಲಿಲ್ಲ, ಆದರೆ ದೇವರಿಗೆ ತಿಳಿದಿತ್ತು ಎಂಬುದು ಮಗಳ ನಂಬಿಕೆ. ಮಾಳ, ಗಂಗಾಮೂಲ, ಕಲಕತ್ತೆ, ಪುಣೆ, ವಾಂಟೇಜ್ ಯಾವುದೂ ‘ನೀನು ನಮ್ಮವಳು’ ಎಂದು ಕೊನೆಯವರೆಗೆ ಹಿಡಿದುಕೊಳ್ಳಲಿಲ್ಲ. ಈ ಒಂದು ಮಾತು ಮಾತ್ರ ಕೈಬಿಡಲಿಲ್ಲ. ಕೃಪೆ ಎಂದರೆ ನಾನು ತಿಳಿದದ್ದು ಇಷ್ಟು: ನಾವು ಯಾರವರು ಎಂಬುದು ನಮಗೆ ಅರ್ಥವಾಗುವ ಮೊದಲೇ ತೀರ್ಮಾನವಾಗಿರುತ್ತದೆ. ಊರಿಗೋ ಜಾತಿಗೋ ಸಭೆಗೋ ಅದನ್ನು ರದ್ದುಮಾಡುವ ಅಧಿಕಾರವಿಲ್ಲ.

1921ರಲ್ಲಿ ಮನೋರಮಾ ತೀರಿಕೊಂಡರು. ರಮಾಬಾಯಿ ಮತ್ತೆ ಒಬ್ಬರೇ. ಹೀಬ್ರೂ, ಗ್ರೀಕ್ ಕಲಿತು ಸರಳ ಮರಾಠಿಗೆ ಬೈಬಲನ್ನು ತರುವ ಕೆಲಸ ಆಗ ಕೊನೆಯ ಹಂತದಲ್ಲಿತ್ತು. ಅದನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಆ ಬೈಬಲನ್ನು ಅಚ್ಚು ಹಾಕಿದವರು ಮುಕ್ತಿ ಸದನದ ಹೆಂಗಸರು.

ಇನ್ನು ನಿನ್ನ ಮಾತು. ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಸಾಕಪ್ಪಾ ಸಾಕು, ಸತ್ತರೆ ಸಾಕು ಎಂದು ಅಡವಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಳ್ಳುತ್ತಾನೆ. ದೇವದೂತ ಬಂದು ಅವನಿಗೆ ಪ್ರಸಂಗ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮಲಗುತ್ತಾನೆ, ದೂತ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. ನಾನೊಬ್ಬನೇ ಉಳಿದೆ ಎಂದು ದೂರುವ ಅವನಿಗೆ, ಬಾಳನೆಂಬ ಅನ್ಯದೇವತೆಗೆ ಅಡ್ಡಬೀಳದ 7,000 ಜನ ಇದ್ದಾರೆಂದು ತಿಳಿಯುವುದು ಆಮೇಲೆ. ಎಲೀಷ ಎಂಬ ಜೊತೆಗಾರ ಸಿಗುವುದು ಅದಕ್ಕೂ ಆಮೇಲೆ. ಈ ಕ್ರಮವನ್ನು ಗಮನಿಸು. ಹೊಟ್ಟೆಗೆ ಸರಿಯಾಗಿ ತಿನ್ನು, ರಾತ್ರಿ ಫೋನ್ ಪಕ್ಕಕ್ಕಿಟ್ಟು ಮಲಗು. ಇವನ್ನು ಲೌಕಿಕವೆಂದು ತಳ್ಳಬೇಡ.

ಆ ಮೇಲೆ ನಿನ್ನ ಭಾಷೆಯ ಸಭೆಯೊಂದನ್ನು ಹುಡುಕು. ಬೆಂಗಳೂರಿನಲ್ಲಿದ್ದರೆ ಕನ್ನಡ ಆರಾಧನೆಗೆ ಕೊರತೆಯಿಲ್ಲ. ಕಾರ್ಪೊರೇಷನ್ ಎದುರಿನ ಹಡ್ಸನ್ ದೇವಾಲಯ 1904ರಿಂದ ಕನ್ನಡದ ಸಭೆಯೇ. ದುಃಖದಲ್ಲಿ ಹಾಡಲು ತಾಯ್ನುಡಿ ಬೇಕು. ದೊಡ್ಡ ಸಭೆಯ ಹಿಂದಿನ ಸಾಲಿನಲ್ಲಿ ಕೂತು ಬರುವುದಕ್ಕಿಂತ, ಹತ್ತು ಮಂದಿಯ ಪ್ರಾರ್ಥನಾ ಕೂಟಕ್ಕೆ ಹೋಗುವುದು ಮೇಲು. ಅಲ್ಲಿ ನೀನು ಬಾರದ ದಿನ ಒಬ್ಬರಾದರೂ ಕೇಳುತ್ತಾರೆ. ಏನಾದರೊಂದು ಕೆಲಸ ಹಿಡಿ, ಕ್ವಾಯರಿನಲ್ಲಿ ಹಾಡುವುದೋ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಥೆ ಹೇಳುವುದೋ. ಬೇರೆಯವರಿಗೆ ನಿನ್ನಿಂದ ಏನೋ ಬೇಕಾದಾಗ ಬರುವ ಬಳಕೆ, ಸುಮ್ಮನೆ ಕೂತು ಕಾಯುವವರಿಗೆ ಬರುವುದಿಲ್ಲ. ನೀನು ಬೇರೆ ಮತದವಳಾಗಿ ಈ ಪತ್ರ ಓದುತ್ತಿದ್ದರೆ, ನಿನ್ನ ಭಜನೆಯ ಮನೆ, ನಿನ್ನ ಮಠ, ನಿನ್ನ ಮಸೀದಿಯ ಅಂಗಳದಲ್ಲೂ ಇದನ್ನೇ ಮಾಡು.

ಇನ್ನೊಂದು ಕೇಳಿಕೆ. ನಿನ್ನ ಹಾಸ್ಟೆಲ್ಲಿಗೋ ಪಿಜಿಗೋ ನಿನಗಿಂತ ಈಚೆಗೆ ಬಂದ, ಯಾರೊಂದಿಗೂ ಮಾತಾಡದ ಹುಡುಗಿಯೊಬ್ಬಳು ಇದ್ದೇ ಇರುತ್ತಾಳೆ. ನಿನ್ನ ಮನಸ್ಸು ಪೂರ್ತಿ ಸರಿಹೋಗಲಿ ಎಂದು ಕಾಯದೆ, ನಾಳೆ ಬೆಳಿಗ್ಗೆಯೇ ಅವಳ ಹೆಸರು ಕೇಳು, ಯಾವ ಊರೆಂದು ಕೇಳು, ತಿಂಡಿಗೆ ಜೊತೆಯಲ್ಲಿ ಕರೆದುಕೊಂಡು ಹೋಗು.

ಪ್ರಾರ್ಥನೆಯೊಂದಿಗೆ,
ನಿನ್ನ ದೊಡ್ಡಮ್ಮ