ಹತ್ತು ನಿಮಿಷಕ್ಕೆ ಇಷ್ಟು ರಂಪವೇ?

ಪ್ರಶ್ನೆ: ಮಗ ಐಟಿಐನಲ್ಲಿ ಫಿಟ್ಟರ್ ಕಲಿಯುತ್ತಿದ್ದಾನೆ. ಹತ್ತು ನಿಮಿಷ ತಡವಾದರೂ ವರ್ಕ್‌ಶಾಪ್ ಒಳಗೆ ಬಿಡುವುದಿಲ್ಲವಂತೆ. ಅಳತೆ ಕೂದಲೆಳೆಯಷ್ಟು ತಪ್ಪಿದರೆ ಇಡೀ ಜಾಬ್ ಮತ್ತೆ ಮಾಡಿಸುತ್ತಾರಂತೆ. ಬೇಸತ್ತು ಬಿಟ್ಟುಬಿಡುತ್ತಾನೇನೋ ಎಂಬ ಭಯ.
– ಒಬ್ಬ ತಾಯಿ, ಹಾಸನ

ಉತ್ತರ: ಮಗ ದಿನವೂ ಮುಖ ಬಾಡಿಸಿಕೊಂಡು ಬಂದರೆ ಯಾವ ತಾಯಿಗೂ ಸಂಕಟವಾಗುತ್ತದೆ. ಆದರೆ ಮಗನಿಗೆ ಕೆಲಸ ಬರುವುದಿಲ್ಲ ಎಂದು ಇದರಿಂದ ತಿಳಿಯಬೇಡಿ.

ಮೊದಲು ಅಳತೆಯ ವಿಷಯ. 50 ಮಿ.ಮೀ. ತುಂಡಿಗೆ ±0.04 ಮಿ.ಮೀ. ಟಾಲರೆನ್ಸ್ (ಒಪ್ಪಬಹುದಾದ ಹೆಚ್ಚು-ಕಡಿಮೆ) ಕೊಟ್ಟಿದ್ದರೆ, 49.96ರಿಂದ 50.04ರವರೆಗೆ ಸರಿ. ಅದನ್ನು ಮೀರಿದ ತುಂಡು ಜೊತೆಯ ತುಂಡಿಗೆ ಕೂರದೇ ಹೋಗಬಹುದು. ಕಾರ್ಖಾನೆಯಲ್ಲಿ ಅದು ಗುಜರಿಗೆ ಹೋಗುತ್ತದೆ. ಇಲ್ಲಿ ಮತ್ತೊಮ್ಮೆ ಅರ ಹಿಡಿಯುವ ಅವಕಾಶವಾದರೂ ಇದೆ. ಮೇಷ್ಟ್ರು ಮತ್ತೆ ಮಾಡಿಸುವುದು ಸರಿಯೇ.

ತಡವಾಗುವುದೂ ಸಣ್ಣ ಮಾತಲ್ಲ. ಎಷ್ಟೋ ಕಾರ್ಖಾನೆಗಳಲ್ಲಿ ಮುಂದಿನ ಶಿಫ್ಟಿನವರು ಬರುವ ತನಕ ಹಿಂದಿನವರು ಯಂತ್ರ ಬಿಟ್ಟು ಹೊರಡುವಂತಿಲ್ಲ. ಐಟಿಐ ಪರೀಕ್ಷೆಗೆ ಕೂರಲೂ ಸಾಮಾನ್ಯವಾಗಿ ಶೇ. 80 ಹಾಜರಾತಿ ಬೇಕು. ಆದರೂ ಹುಡುಗನನ್ನು ಇಡೀ ದಿನ ಹೊರಗೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಹೊರಗೆ ನಿಂತವನು ಏನು ಕಲಿತಾನು?

ಮಗನನ್ನು ನಿಧಾನವಾಗಿ ಕೇಳಿ: ಬಸ್ಸಿನ ತೊಂದರೆಯೋ, ಏಳುವುದು ತಡವೋ? ಬಸ್ಸಾದರೆ ಮೇಷ್ಟ್ರಿಗೆ ಮೊದಲೇ ಹೇಳುವುದನ್ನು ಅವನೇ ಮಾಡಲಿ, ನೀವು ಹೋಗಬೇಡಿ. ನಾಳೆ ಸೂಪರ್‌ವೈಸರ್ ಮುಂದೆಯೂ ಅವನೇ ನಿಲ್ಲಬೇಕಲ್ಲ.

ಪ್ರಶ್ನೆ: ನಾನು ಪಾಲಿಟೆಕ್ನಿಕ್ ಉಪನ್ಯಾಸಕಿ. ಗಡುವು ಮೀರಿದ ರೆಕಾರ್ಡ್ ಪುಸ್ತಕ ತೆಗೆದುಕೊಳ್ಳಬಾರದು ಎನಿಸುತ್ತದೆ. ಆದರೆ ಮನೆಯಲ್ಲಿ ಮೊದಲ ಬಾರಿಗೆ ಓದಲು ಬಂದ ಮಕ್ಕಳ ಮೇಲೆ ಕಠಿಣವಾದೆನೇ ಎಂಬ ಅಳುಕು.

ಉತ್ತರ: ಈ ಅಳುಕು ಇರುವುದು ಒಳ್ಳೆಯದೇ, ಬಿಡಬೇಡಿ. ನಿಯಮವನ್ನೂ ಬಿಡಬೇಡಿ. ಮನೆಯಲ್ಲಿ ಕಚೇರಿಯ ರೀತಿನೀತಿ ಹೇಳಿಕೊಡುವವರಿಲ್ಲದ ಮಕ್ಕಳಿಗೆ ಅದನ್ನು ನೀವಲ್ಲದೆ ಬೇರೆ ಯಾರು ಹೇಳಬೇಕು?

ಸೆಮಿಸ್ಟರ್ ಶುರುವಿನಲ್ಲೇ ಗಡುವನ್ನೂ, ತಪ್ಪಿದರೆ ಎಷ್ಟು ಅಂಕ ಹೋಗುತ್ತದೆ ಎಂಬುದನ್ನೂ ಬರೆದು ಹಚ್ಚಿ. ಒಂದು ದಿನ ಮುಂಚೆ ಬಂದು ಕಾರಣ ಹೇಳಿದವರಿಗೆ ಸಮಯ ಕೊಡಿ. ಗಡುವು ಕಳೆದ ಮೇಲೆ ಬಂದವರಿಗೆ ಅಂಕ ಕಳೆಯಿರಿ, ಪುಸ್ತಕ ಮಾತ್ರ ತೆಗೆದುಕೊಳ್ಳಿ. ನೀವೂ ಹೇಳಿದ ದಿನಕ್ಕೇ ತಿದ್ದಿ ಹಿಂದಿರುಗಿಸಿ. ಮಕ್ಕಳು ಅದನ್ನೂ ಲೆಕ್ಕ ಇಟ್ಟಿರುತ್ತಾರೆ.